ಐದಾರು ಸಾವಿರಕ್ಕೊಂದು ಡಿಜಿಟಲ್ ಸ್ಲೇಟು

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಾಗಲಿ, ಆನ್‌ಲೈನ್ ಮಳಿಗೆಯಾಗಲಿ, ಪೆನ್ ಟ್ಯಾಬ್ಲೆಟ್ ಹುಡುಕಿ ಹೋದವರ ಕಣ್ಣಿಗೆ ಮೊದಲು ಬೀಳುವುದು ಒಂದು ಅಂಕಿ. ಒಂದು ಡಬ್ಬಿಯ ಮೇಲೆ 2048, ಪಕ್ಕದ್ದರ ಮೇಲೆ 8192, ಹೊಸದಾಗಿ ಬಂದದ್ದರ ಮೇಲೆ 16384. ಚಿತ್ರ ಬರೆಯುವ ಮಗಳಿಗೂ ದುಡ್ಡು ಕೊಡುವ ಅಪ್ಪನಿಗೂ ಲೆಕ್ಕ ಸಲೀಸು: ಅಂಕಿ ದೊಡ್ಡದಾದಷ್ಟೂ ಮಾಲು ಒಳ್ಳೆಯದು. ಅಂಗಡಿಯವನೂ ಅದಕ್ಕೆ ತಲೆಯಾಡಿಸುತ್ತಾನೆ. ಆದರೆ ಇಡೀ ಡಬ್ಬಿಯ ಮೇಲೆ ಅಚ್ಚಾಗಿರುವ ವಿವರಗಳಲ್ಲಿ ಕೊಳ್ಳುವವರು ಕೊನೆಗೆ ನೋಡಬೇಕಾದದ್ದು ಅದೇ ಅಂಕಿ.

ಪೆನ್ನಿನ ತುದಿಯ ಮೇಲೆ ಬೀಳುವ ಒತ್ತಡವನ್ನು ಟ್ಯಾಬ್ಲೆಟ್ ಎಷ್ಟು ಹಂತಗಳಾಗಿ ವಿಂಗಡಿಸಬಲ್ಲದು ಎಂಬ ಲೆಕ್ಕ ಅದು. ಮೆಲ್ಲಗೆ ತಾಗಿಸಿದರೆ ತೆಳು ಗೆರೆ, ಒತ್ತಿದರೆ ದಪ್ಪ ಗೆರೆ. ಇವೆರಡರ ನಡುವಿನ ಮೆಟ್ಟಿಲುಗಳ ಎಣಿಕೆ. 20 ಪಿಕ್ಸೆಲ್ ದಪ್ಪದ ಬ್ರಷ್ ಆರಿಸಿಕೊಂಡು ಗೆರೆ ಎಳೆದರೆ, 2048 ಹಂತಗಳ ಟ್ಯಾಬ್ಲೆಟ್‌ನಲ್ಲೇ ಒಂದೊಂದು ಪಿಕ್ಸೆಲ್‌ನ ಪಾಲಿಗೆ ನೂರು ಹಂತಗಳು ಬರುತ್ತವೆ. ಬಣ್ಣದ ಗಾಢತೆಯನ್ನು ಒತ್ತಡಕ್ಕೆ ಜೋಡಿಸಿದರೂ ಅಷ್ಟೇ: 8 ಬಿಟ್‌ನ ಸಾಮಾನ್ಯ ಚಿತ್ರದಲ್ಲಿ ಒಂದು ಬಣ್ಣಕ್ಕೆ ಇರುವುದೇ 256 ಹಂತ. ಅದಕ್ಕೆ 16384ರ ಪೆನ್ನು ಹಿಡಿದು ಕೂತರೆ ಕೈಗೂ ತಿಳಿಯುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ.

ತಿಳಿಯುವುದು ಬೇರೊಂದು ಗುಣ. ಗೆರೆ ಮೂಡಲು ಶುರುವಾಗಬೇಕಾದರೆ ಕನಿಷ್ಠ ಎಷ್ಟು ಒತ್ತಬೇಕು ಎಂಬುದು. ಕೆಲವು ಅಗ್ಗದ ಪೆನ್ನುಗಳನ್ನು ತಾಗಿಸಿದರೆ ಸಾಲದು, ತುಸು ಅದುಮಿದ ಮೇಲೆಯೇ ಗೆರೆ ಬರುತ್ತದೆ. ಪೆನ್ಸಿಲ್ ಹಿಡಿದು ಹಗುರವಾಗಿ ನೆರಳು ತುಂಬಿ ಅಭ್ಯಾಸವಿದ್ದವರಿಗೆ ಇದು ದೊಡ್ಡ ಕಿರಿಕಿರಿ. ಕೂದಲಿನ ಎಳೆ ಬರೆಯಲು ಹೋದರೆ ಎಳೆಯ ಆರಂಭವೂ ಅಂತ್ಯವೂ ಮಾಯವಾಗಿ ನಡುಭಾಗವಷ್ಟೇ ಉಳಿಯುತ್ತದೆ. ಪರೀಕ್ಷೆ ಸುಲಭ. ಪೆನ್ನನ್ನು ಬೆರಳ ತುದಿಯಲ್ಲಿ ಸಡಿಲವಾಗಿ ಹಿಡಿದು, ಅದರ ಸ್ವಂತ ಭಾರಕ್ಕೇ ಬಿಟ್ಟು ಎಳೆಯಬೇಕು. ಗೆರೆ ಬಂತೆಂದರೆ ಪೆನ್ನು ಚೆನ್ನಾಗಿದೆ.

ಇಷ್ಟು ಕಡಿಮೆ ದುಡ್ಡಿಗೆ ಈ ಸಾಧನ ಸಿಗುತ್ತಿರುವುದೇ ಒಂದು ಕಥೆ. 1964ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಹತ್ತಿಂಚು ಚದರದ ಟ್ಯಾಬ್ಲೆಟ್ ಮಾಡಿದಾಗ ಅದರ ಬೆಲೆ 18 ಸಾವಿರ ಡಾಲರ್. 1983ರಲ್ಲಿ ಜಪಾನಿನಲ್ಲಿ ಹುಟ್ಟಿದ ವಾಕಮ್ ಕಂಪನಿ ಬ್ಯಾಟರಿಯೇ ಇಲ್ಲದ ಪೆನ್ನನ್ನು ಬಳಕೆಗೆ ತಂದಿತು. ಟ್ಯಾಬ್ಲೆಟ್ ಹಲಗೆಯ ಒಳಗೆ ತಂತಿಗಳ ಜಾಲವಿರುತ್ತದೆ. ಅದು ಹೊಮ್ಮಿಸುವ ಕಾಂತಕ್ಷೇತ್ರಕ್ಕೆ ಪೆನ್ನಿನೊಳಗಿನ ಪುಟ್ಟ ಸುರುಳಿ ಮಿಡಿದು ಉತ್ತರ ಕೊಡುತ್ತದೆ. ತುದಿಯನ್ನು ಒತ್ತಿದಂತೆ ಆ ಮಿಡಿತದ ಆವರ್ತನ ಬದಲಾಗುತ್ತದೆ, ಹಲಗೆ ಅದನ್ನು ಒತ್ತಡವೆಂದು ಓದಿಕೊಳ್ಳುತ್ತದೆ. ಪೆನ್ನನ್ನು ಚಾರ್ಜ್ ಮಾಡುವ ಗೊಡವೆಯೇ ಇಲ್ಲ. ಈ ತಂತ್ರದ ಪೇಟೆಂಟ್‌ಗಳು ವಾಕಮ್ ಕೈಯಲ್ಲಿದ್ದಷ್ಟು ಕಾಲ ಚೀನಾದ ಕಂಪನಿಗಳು ಬ್ಯಾಟರಿ ತುಂಬಿದ ದಪ್ಪ ಪೆನ್ನುಗಳನ್ನು ಮಾರುತ್ತಿದ್ದವು. ಮುಖ್ಯ ಪೇಟೆಂಟ್‌ಗಳ ಅವಧಿ ತೀರುತ್ತಾ ಬಂದಂತೆ ಹ್ಯೂಯಾನ್, ಎಕ್ಸ್‌ಪಿ-ಪೆನ್, ಗಾಮಾನ್ ಮುಂತಾದವೂ ಬ್ಯಾಟರಿರಹಿತ ಪೆನ್ನಿಗೆ ಬಂದವು. ಬೆಲೆ ಇಳಿಯಿತು. ಹಳೆಯ ಮಾದರಿಗಳಲ್ಲಿ ಇನ್ನೂ ಬ್ಯಾಟರಿ ಪೆನ್ನಿನವು ಸಿಗುತ್ತವೆ. ಹ್ಯೂಯಾನ್‌ನ ಎಚ್420ಗೆ ಈಗಲೂ ಸಣ್ಣ ಎಎಎ ಸೆಲ್ ಹಾಕಬೇಕು. ನಾಲ್ಕಿಂಚು ಅಗಲದ ಅದು ಸಹಿ ಹಾಕಲು ಸಾಕು, ಚಿತ್ರಕ್ಕೆ ಸಾಲದು.

ಹಾಗಾದರೆ ಎಷ್ಟಗಲ ಸಾಕು? ಇಲ್ಲಿ ಸ್ಕೇಲು ಹಿಡಿದು ಲೆಕ್ಕ ಹಾಕುವುದೇ ಮೇಲು. ಟ್ಯಾಬ್ಲೆಟ್‌ನ ಬರೆಯುವ ಜಾಗ ಇಡೀ ಪರದೆಗೆ ಸಮ. ಸಾಮಾನ್ಯ 15.6 ಇಂಚಿನ ಲ್ಯಾಪ್‌ಟಾಪ್ ಪರದೆಯ ಅಗಲ ಸುಮಾರು 34.5 ಸೆಂ.ಮೀ. ಅದಕ್ಕೆ 15 ಸೆಂ.ಮೀ. ಅಗಲದ ಚಿಕ್ಕ ಟ್ಯಾಬ್ಲೆಟ್ ಜೋಡಿಸಿದರೆ, ಕೈ ಒಂದು ಸೆಂ.ಮೀ. ಸರಿದಾಗ ಪರದೆಯ ಮೇಲಿನ ಗೆರೆ ಹೆಚ್ಚುಕಡಿಮೆ 2.3 ಸೆಂ.ಮೀ. ಓಡುತ್ತದೆ. ಇದು ಒಗ್ಗುತ್ತದೆ. ಅದೇ ಟ್ಯಾಬ್ಲೆಟ್ಟನ್ನು 24 ಇಂಚಿನ ಮಾನಿಟರ್‌ಗೆ ಹಾಕಿದರೆ ಓಟ ಮೂರೂವರೆ ಪಟ್ಟು. ಕೈಯ ಸಣ್ಣ ನಡುಕವೂ ಪರದೆಯಲ್ಲಿ ದೊಡ್ಡದಾಗಿ ಕಾಣತೊಡಗುತ್ತದೆ. ದೊಡ್ಡ ಮಾನಿಟರ್ ಇರುವವರಿಗೆ ಹತ್ತಿಂಚು ಅಗಲದ ಮಧ್ಯಮ ಗಾತ್ರವೇ ಸರಿ. ಅದರಲ್ಲಿ ಬರೆಯುವಾಗ ಮಣಿಕಟ್ಟಿನ ಬದಲು ಮುಂಗೈ ಪೂರ್ತಿ ಆಡುತ್ತದೆ, ಉದ್ದನೆಯ ಬಾಗು ಗೆರೆಗಳು ಒಂದೇ ಬೀಸಿಗೆ ಬರುತ್ತವೆ. ಹಾಗೆಂದು ಮೇಜಿನ ಮೇಲೆ ಜಾಗವಿಲ್ಲದವರು, ಪಿ.ಜಿ. ಕೋಣೆಯ ಮಂಚದ ಮೇಲೆ ಕೂತು ಬರೆಯುವವರು ದೊಡ್ಡದನ್ನು ಕೊಂಡು ಕೀಬೋರ್ಡ್ ಎಲ್ಲಿಡುವುದೆಂದು ಪರದಾಡುವುದಕ್ಕಿಂತ ಚಿಕ್ಕದರಲ್ಲೇ ಆರಾಮ.

ಗಾತ್ರದ ಜೊತೆಗೇ ಆಕಾರದ್ದೂ ಒಂದು ತಕರಾರಿದೆ. ಎಷ್ಟೋ ಟ್ಯಾಬ್ಲೆಟ್‌ಗಳ ಜಾಗ 16:10ರ ಪ್ರಮಾಣದಲ್ಲಿದ್ದರೆ, ಬಹುಪಾಲು ಪರದೆಗಳು 16:9. ಇದನ್ನು ಗಮನಿಸದೆ ಕೂತವರು ಕೈಯಲ್ಲಿ ದುಂಡಗೆ ಸುತ್ತಿದ ವೃತ್ತ ಪರದೆಯಲ್ಲಿ ಅಡ್ಡಡ್ಡ ಹಿಗ್ಗಿ ಮೊಟ್ಟೆಯಾಗುತ್ತದೆ. ತಪ್ಪು ತಮ್ಮ ಕೈಯದೆಂದೇ ಅವರು ತಿಳಿಯುತ್ತಾರೆ. ಟ್ಯಾಬ್ಲೆಟ್ ನಡೆಸುವ ತಂತ್ರಾಂಶದ, ಅಂದರೆ ಡ್ರೈವರ್‌ನ, ಸೆಟ್ಟಿಂಗ್‌ನಲ್ಲಿ ಪರದೆಯ ಪ್ರಮಾಣಕ್ಕೆ ಹೊಂದಿಸುವ ಆಯ್ಕೆ ಒತ್ತಿದರೆ ಮುಗಿಯಿತು. ಚಿಕ್ಕ ಟ್ಯಾಬ್ಲೆಟ್‌ನಲ್ಲಿ ಕೆಳಗಿನ ಒಂದು ಸೆಂ.ಮೀ. ಪಟ್ಟಿ ನಿರುಪಯೋಗಿಯಾಗುತ್ತದೆ, ಅಷ್ಟೇ.

ಇನ್ನು ಮಾದರಿಗಳು. ಚಿಕ್ಕವು ಮೂರರಿಂದ ಐದು ಸಾವಿರದ ಒಳಗೆ, ಮಧ್ಯಮದವು ಐದರಿಂದ ಎಂಟು ಸಾವಿರದ ಆಸುಪಾಸಿನಲ್ಲಿ ಓಡಾಡುತ್ತವೆ. ಹಬ್ಬದ ಸೇಲ್‌ನಲ್ಲಿ ಇನ್ನಷ್ಟು ಇಳಿಯುವುದುಂಟು. ವಾಕಮ್‌ನ ‘ಒನ್ ಬೈ ವಾಕಮ್’ ಚಿಕ್ಕ ಮಾದರಿ ನೋಡಲು ಬೋಳು ಬೋಳು: 15.2 x 9.5 ಸೆಂ.ಮೀ. ಜಾಗ, 2048 ಹಂತ, ಹಲಗೆಯ ಮೇಲೆ ಒಂದೂ ಬಟನ್ ಇಲ್ಲ, ಪೆನ್ನಿನ ಓರೆಯನ್ನೂ ಅದು ಗುರುತಿಸುವುದಿಲ್ಲ. ಡಬ್ಬಿಯ ಅಂಕಿಗಳ ಪಂದ್ಯದಲ್ಲಿ ಅದಕ್ಕೆ ಕೊನೆಯ ಸ್ಥಾನ. ಆದರೂ ಗೆರೆ ಶುದ್ಧ, ಡ್ರೈವರ್ ಗಟ್ಟಿ, ಲಿನಕ್ಸ್‌ನಲ್ಲಿ ಬೇರೆ ಡ್ರೈವರ್ ಹಾಕದೆಯೇ ನಡೆಯುತ್ತದೆ. ಹ್ಯೂಯಾನ್ ಎಚ್640ಪಿ ಹೆಚ್ಚುಕಡಿಮೆ ಇದೇ ಅಳತೆಯದು, ಜೊತೆಗೆ ಆರು ಬಟನ್‌ಗಳಿವೆ. ಎಕ್ಸ್‌ಪಿ-ಪೆನ್ ಡೆಕೊ 01 ವಿ2 ಮತ್ತು ಹ್ಯೂಯಾನ್ ಎಚ್610 ಪ್ರೊ ವಿ2 ಎರಡೂ ಹತ್ತಿಂಚಿನವು, ಎಂಟೆಂಟು ಬಟನ್, ಪೆನ್ನು 60 ಡಿಗ್ರಿಯವರೆಗೆ ಓರೆಯಾದರೂ ಗುರುತಿಸುತ್ತವೆ. ಎಡಗೈಯವರಿಗೆ ಚಿಂತೆ ಬೇಡ, ಹಲಗೆಯನ್ನು ತಿರುಗಿಸಿಟ್ಟು ಡ್ರೈವರ್‌ನಲ್ಲೂ 180 ಡಿಗ್ರಿ ತಿರುಗಿಸಿದರೆ ಬಟನ್‌ಗಳು ಬಲಕ್ಕೆ ಬರುತ್ತವೆ.

ಬಟನ್‌ಗಳು ಬೇಕೇ ಬೇಕೆಂದಿಲ್ಲ. ಎಡಗೈ ಕೀಬೋರ್ಡ್ ಮೇಲಿದ್ದರೆ ‘ಅನ್‌ಡು’ವಿಗೂ ಬ್ರಷ್ ಗಾತ್ರ ಬದಲಿಸುವುದಕ್ಕೂ ಕೀಗಳೇ ಸಾಕು. ಓರೆ ಗುರುತಿಸುವ ಸೌಲಭ್ಯವೂ ಕ್ಯಾಲಿಗ್ರಫಿ, ಪೆನ್ಸಿಲ್ ಶೇಡಿಂಗ್ ಮಾಡುವವರಿಗೆ ಬಿಟ್ಟರೆ ಹೊಸಬರಿಗೆ ಅಷ್ಟಾಗಿ ಬಳಕೆಗೆ ಬರುವುದಿಲ್ಲ. ಇಂಚಿಗೆ 5080 ಗೆರೆ ಎಂಬ ಇನ್ನೊಂದು ಅಂಕಿಯನ್ನೂ ಡಬ್ಬಿಗಳು ಮೆರೆಸುತ್ತವೆ. ಅದರ ಅರ್ಧ, ಅಂದರೆ 2540 ಇದ್ದರೂ ಆರಿಂಚು ಅಗಲದಲ್ಲಿ 15 ಸಾವಿರ ಬಿಂದುಗಳಾಗುತ್ತವೆ. ಎದುರಿಗಿರುವ ಪರದೆಯಲ್ಲಿ ಇರುವುದು 1920.

ಹಣಕ್ಕಿಂತ ಹೆಚ್ಚು ತಲೆ ತಿನ್ನುವುದು ಡ್ರೈವರ್. ಪೆನ್ನು ಓಡಾಡುತ್ತದೆ, ಗೆರೆಯೂ ಬರುತ್ತದೆ, ಆದರೆ ಎಷ್ಟು ಒತ್ತಿದರೂ ಒಂದೇ ದಪ್ಪ. ಇಲ್ಲವೇ ಪೆನ್ನು ಊರಿ ಹಿಡಿದರೆ ಸುತ್ತ ಒಂದು ಉಂಗುರ ಮೂಡಿ, ಗೆರೆ ಅರೆಕ್ಷಣ ತಡವಾಗಿ ಶುರುವಾಗುತ್ತದೆ. ಎರಡಕ್ಕೂ ಬಹುತೇಕ ಕಾರಣ ವಿಂಡೋಸ್‌ನ ಪೆನ್ ಸೆಟ್ಟಿಂಗ್‌ಗಳು. ಉಂಗುರ ಮೂಡುವುದು ಒತ್ತಿ ಹಿಡಿದದ್ದನ್ನು ವಿಂಡೋಸ್ ಬಲಕ್ಲಿಕ್ ಎಂದು ತಿಳಿಯುವುದರಿಂದ. ಆ ಆಯ್ಕೆಯನ್ನು ಆಫ್ ಮಾಡಿಬಿಡಬೇಕು. ಒತ್ತಡ ತಿಳಿಯದಿದ್ದರೆ ‘ವಿಂಡೋಸ್ ಇಂಕ್’ ಆಯ್ಕೆಯನ್ನು ಡ್ರೈವರ್‌ನಲ್ಲೂ ಚಿತ್ರದ ಸಾಫ್ಟ್‌ವೇರ್‌ನಲ್ಲೂ ಒಂದೇ ರೀತಿ ಇಡಬೇಕು. ಮೊದಲು ಬೇರೆ ಕಂಪನಿಯ ಟ್ಯಾಬ್ಲೆಟ್ ಇದ್ದರೆ ಅದರ ಡ್ರೈವರ್ ಪೂರ್ತಿ ತೆಗೆದು, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿ, ಆಮೇಲೆ ಹೊಸದನ್ನು ಹಾಕಬೇಕು. ಎರಡು ಡ್ರೈವರ್‌ಗಳು ಒಂದೇ ಯಂತ್ರದಲ್ಲಿ ಜಗಳವಾಡುತ್ತವೆ. ಮ್ಯಾಕ್‌ನಲ್ಲಾದರೆ ಸೆಕ್ಯುರಿಟಿ ಸೆಟ್ಟಿಂಗ್‌ಗೆ ಹೋಗಿ ಅನುಮತಿ ಕೊಡದಿದ್ದರೆ ಪೆನ್ನು ಅಲುಗುವುದೇ ಇಲ್ಲ.

ಕೊಳ್ಳುವ ಮುನ್ನ ನೋಡಲೇಬೇಕಾದ, ಆದರೆ ಯಾರೂ ನೋಡದ ಸಂಗತಿ ನಿಬ್ಬು. ಪೆನ್ನಿನ ತುದಿಯಲ್ಲಿರುವ ಪ್ಲಾಸ್ಟಿಕ್ ಕಡ್ಡಿ ಅದು. ದಿನಾ ಬರೆದರೆ ಸವೆಯುತ್ತದೆ, ಅದೂ ಒಂದೇ ಬದಿಗೆ, ಏಕೆಂದರೆ ಪ್ರತಿಯೊಬ್ಬರೂ ಪೆನ್ನನ್ನು ತಮ್ಮದೇ ಓರೆಯಲ್ಲಿ ಹಿಡಿಯುತ್ತಾರೆ. ಸವೆದ ಬದಿಯ ಅಂಚು ಹರಿತವಾಗಿ ಹಲಗೆಯ ಮೇಲೆ ಗೀಚು ಬೀಳಿಸತೊಡಗಿದಾಗ ಬದಲಿಸುವ ಹೊತ್ತು ಬಂತೆಂದು ಲೆಕ್ಕ. ಕಾಗದದ ಹಾಗೆ ಒರಟಾಗಿರುವ ಹಲಗೆ ಬರೆಯಲು ಸುಖ, ಆದರೆ ನಿಬ್ಬನ್ನು ಬೇಗ ತಿನ್ನುತ್ತದೆ. ಡಬ್ಬಿಯಲ್ಲಿ ಕೆಲವು ಬದಲಿ ನಿಬ್ಬುಗಳೂ ಅವನ್ನು ಕೀಳುವ ಪುಟ್ಟ ಉಂಗುರವೂ ಇರುತ್ತವೆ. ಅವು ಮುಗಿದ ಮೇಲೆ ಅದೇ ಅಳತೆಯವು ಭಾರತದಲ್ಲಿ ಸಿಗುತ್ತವೆಯೇ ಎಂದು ಮೊದಲೇ ಹುಡುಕಿ ನೋಡುವುದು ಒಳಿತು. ಪೆನ್ನಿಗೂ ಇದೇ ಮಾತು. ಒಂದು ಮಾದರಿಯ ಪೆನ್ನು ಇನ್ನೊಂದಕ್ಕೆ ಸಾಮಾನ್ಯವಾಗಿ ನಡೆಯುವುದಿಲ್ಲ. ಪೆನ್ನು ಕಳೆದರೆ ಹಲಗೆ ಬರೀ ಹಲಗೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಪೆನ್ನು ಜೊತೆಗಿದೆಯೇ, ಈಗಿನ ವಿಂಡೋಸ್‌ಗೆ ಡ್ರೈವರ್ ಇದೆಯೇ ಎಂದು ಕೇಳದೆ ದುಡ್ಡು ಕೊಡಬಾರದು. ವಾಕಮ್‌ನ ಹಳೆಯ ಬ್ಯಾಂಬೂ ಸರಣಿ ಅಗ್ಗಕ್ಕೆ ಸಿಗುತ್ತದೆ, ಆದರೆ ಕಂಪನಿಯ ಹೊಸ ಡ್ರೈವರ್‌ಗಳು ಅದನ್ನು ಕೈಬಿಟ್ಟಿವೆ.

ಕಂಪ್ಯೂಟರೇ ಇಲ್ಲದವರ ಪಾಡು? ಒಟಿಜಿ ಕೇಬಲ್ ಮೂಲಕ ಆ್ಯಂಡ್ರಾಯ್ಡ್ ಫೋನಿಗೆ ಜೋಡಿಸಬಹುದಾದ ಮಾದರಿಗಳು ಈಗ ಹಲವಿವೆ. ಫೋನನ್ನು ಉದ್ದಕ್ಕೆ ಹಿಡಿದರೆ ಹಲಗೆಯ ಒಂದು ಕಿರಿದಾದ ಭಾಗವಷ್ಟೇ ಕೆಲಸ ಮಾಡುತ್ತದೆ ಎಂಬುದು ಕೊಂಡ ಮೇಲೆ ತಿಳಿಯುವ ವಿಷಯ. ಇನ್ನೂರು ರೂಪಾಯಿಗೆ ಸಿಗುವ, ತುದಿಯಲ್ಲಿ ರಬ್ಬರ್ ಇರುವ ಸ್ಟೈಲಸ್‌ಗಳು ಬೆರಳಿನ ಕೆಲಸವನ್ನಷ್ಟೇ ಮಾಡುತ್ತವೆ, ಒತ್ತಡದ ಗುರುತೇ ಅವಕ್ಕಿಲ್ಲ. ಬಜೆಟ್ ಹಿಗ್ಗಿಸಬಲ್ಲವರಿಗೆ ಎಸ್ ಪೆನ್ ಜೊತೆಗೇ ಬರುವ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್‌ನಂಥವಿವೆ. ಆ ಪೆನ್ನಿನ ಹಿಂದಿರುವುದೂ ವಾಕಮ್‌ನ ತಂತ್ರವೇ. ನೇರ ಪರದೆಯ ಮೇಲೇ ಬರೆಯುವ ಪೆನ್ ಡಿಸ್‌ಪ್ಲೇಗಳ ಆಸೆ ಎಲ್ಲರಿಗೂ ಇರುತ್ತದೆ. ಬೆಲೆ ಹಲವು ಪಟ್ಟು, ತಂತಿಗಳ ಗೋಜಲು ಬೇರೆ, ದಿನವಿಡೀ ತಲೆ ಬಗ್ಗಿಸಿ ಕೂರಬೇಕು. ಕಲಿಯುವವರಿಗೆ ಅದರ ಅಗತ್ಯವಿಲ್ಲ.

ಸಾಫ್ಟ್‌ವೇರ್‌ಗೆ ಹಣ ಎತ್ತಿಡಬೇಕಾಗಿಲ್ಲ. ಕ್ರಿಟಾ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಫ್ರಾನ್ಸಿನ ಡೇವಿಡ್ ರೆವೊಯ್ 2014ರಿಂದ ಬರೆಯುತ್ತಿರುವ ‘ಪೆಪ್ಪರ್ ಆ್ಯಂಡ್ ಕ್ಯಾರಟ್’ ಕಾಮಿಕ್ ಕ್ರಿಟಾದಲ್ಲೇ ಅರಳಿದ್ದು. ಕರ್ನಾಟಕ ಸರ್ಕಾರ ಅನಿಮೇಷನ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ತಂದು, 2024ರಲ್ಲಿ ಹೊಸದನ್ನೂ ಪ್ರಕಟಿಸಿದೆ. ಆ ಕ್ಷೇತ್ರದ ಸ್ಟುಡಿಯೊಗಳ ಬಾಗಿಲು ತಟ್ಟುವ ಮಕ್ಕಳು ಮೊದಲ ಪೋರ್ಟ್‌ಫೋಲಿಯೊ ಸಿದ್ಧಮಾಡಲು ಐದು ಸಾವಿರದ ಹಲಗೆ, ಉಚಿತ ಕ್ರಿಟಾ ಸಾಕು. ಕೊರೊನಾ ಕಾಲದಲ್ಲಿ ಗಣಿತದ ಮೇಷ್ಟ್ರುಗಳು ಆನ್‌ಲೈನ್ ಪಾಠಕ್ಕೆ ಕೊಂಡ ಟ್ಯಾಬ್ಲೆಟ್‌ಗಳು ಎಷ್ಟೋ ಮನೆಗಳ ಕಪಾಟಿನಲ್ಲಿ ಹಾಗೇ ಇವೆ. ಮೊದಲು ಅವನ್ನು ಹುಡುಕಿದರೂ ಆದೀತು.

ಹೊಸದು ಮನೆಗೆ ಬಂತೆಂದರೆ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಪರೀಕ್ಷೆ ಮುಗಿಸಬೇಕು. ಶುರುವಿಗೆ ಕಣ್ಣು ಪರದೆಯ ಮೇಲೆ, ಕೈ ಮೇಜಿನ ಮೇಲೆ. ಹೊಂದಿಕೆಯಾಗದೆ ಎಲ್ಲರ ಗೆರೆಯೂ ದಾರಿ ತಪ್ಪುತ್ತದೆ. ಅದು ಟ್ಯಾಬ್ಲೆಟ್‌ನ ದೋಷವಲ್ಲ, ಕೆಲವು ದಿನಗಳಲ್ಲಿ ಹೋಗುತ್ತದೆ. ಟ್ಯಾಬ್ಲೆಟ್‌ನದೇ ದೋಷ ಹಿಡಿಯಲು ಸ್ಕೇಲಿಟ್ಟು, ತೀರಾ ನಿಧಾನವಾಗಿ, ಮೂಲೆಯಿಂದ ಮೂಲೆಗೆ ಓರೆ ಗೆರೆ ಎಳೆಯಬೇಕು. ಸ್ಕೇಲಿದ್ದೂ ಗೆರೆ ಅಲೆಅಲೆಯಾಗಿ ಬಂದರೆ ಹತ್ತಿರದಲ್ಲಿರುವ ಮೊಬೈಲ್, ಚಾರ್ಜರ್, ಅಯಸ್ಕಾಂತವಿರುವ ಸ್ಪೀಕರ್ ದೂರ ಸರಿಸಿ ಮತ್ತೊಮ್ಮೆ ನೋಡಬೇಕು. ನಾಲ್ಕು ಅಂಚುಗಳಲ್ಲೂ ಇದೇ ಪರೀಕ್ಷೆ ಬೇಕು. ಅಗ್ಗದವುಗಳ ಅಂಚಿನಲ್ಲೇ ತೊಡಕು ಹೆಚ್ಚು. ಆಮೇಲೆ ಗೆರೆ ತಿದ್ದುವ ‘ಸ್ಟೆಬಿಲೈಸರ್’ ಆಫ್ ಮಾಡಿ, ಅಂಗೈ ಅಗಲದ ‘ಈ’, ‘ಋ’, ‘ಳ’ ಬರೆದು ನೋಡಿದರೆ ಕನ್ನಡಿಗರಿಗೆ ಬೇರೆ ಪರೀಕ್ಷೆ ಬೇಡ. ಸುತ್ತುಗಳಲ್ಲಿ ಗೆರೆ ಮೂಲೆ ಮೂಲೆಯಾಗಿ ಮುರಿದರೆ, ತೆಳುವಿನಿಂದ ದಪ್ಪಕ್ಕೆ ಏರುವಲ್ಲಿ ಹಠಾತ್ತನೆ ಜಿಗಿದರೆ, ಡ್ರೈವರ್‌ನಲ್ಲಿ ಒತ್ತಡಕ್ಕೆ ತಕ್ಕ ದಪ್ಪ ಹೊಂದಿಸುವ ‘ಪ್ರೆಷರ್ ಕರ್ವ್’ ಒಂದೆರಡು ಸಲ ಬದಲಿಸಿ ನೋಡಬಹುದು. ಆಗಲೂ ಸರಿಹೋಗದಿದ್ದರೆ ಬಿಲ್ಲು, ಡಬ್ಬಿ, ನಿಬ್ಬಿನ ಪೊಟ್ಟಣ ಎಲ್ಲವನ್ನೂ ಒಟ್ಟುಮಾಡಿ ವಾಪಸ್ ಕಳಿಸಿಬಿಡುವುದು.