ಶಿಡ್ಲಘಟ್ಟದ ಗೂಡು, ಬಯೋಕೆಮಿಸ್ಟ್ರಿ ಮತ್ತು ಹೊರದೇಶದ ಓದು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯೋದನ್ನ ಹತ್ತಿರದಿಂದ ನೋಡಿದ್ದೀರಾ? ಕುದಿಯೋ ನೀರಿಗೆ ಗೂಡು ಹಾಕ್ತಾರೆ. ಅಂಟು ಸಡಿಲ ಆಗುತ್ತೆ, ಎಳೆಯ ತುದಿ ಕೈಗೆ ಸಿಗುತ್ತೆ. ಆ ಅಂಟು ಸೆರಿಸಿನ್, ಒಳಗಿನ ಎಳೆ ಫೈಬ್ರಾಯಿನ್. ಎರಡೂ ಪ್ರೋಟೀನೇ. ಒಂದು ಬಿಸಿನೀರಿಗೆ ಕರಗುತ್ತೆ, ಇನ್ನೊಂದು ಜಗ್ಗೋದೇ ಇಲ್ಲ. ಯಾಕೆ? ಫೈಬ್ರಾಯಿನ್‌ನಲ್ಲಿ ಗ್ಲೈಸೀನ್, ಅಲನಿನ್ ಅನ್ನೋ ಪುಟ್ಟ ಅಮೈನೋ ಆಮ್ಲಗಳೇ ಜಾಸ್ತಿ. ಅವುಗಳ ಸರಪಳಿಗಳು ಒತ್ತೊತ್ತಾಗಿ ಕೂತು ನೀರನ್ನ ಒಳಗೆ ಬಿಡಲ್ಲ. ಇಂಥ ಪ್ರಶ್ನೆಗಳ ಬೆನ್ನು ಹತ್ತೋದೇ ಬಯೋಕೆಮಿಸ್ಟ್ರಿ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ಯಾವುದಿದೆ?



ಬಯೋಕೆಮಿಸ್ಟ್ರಿ ಓದಿನ ಮಧ್ಯೆ ಹೊರದೇಶಕ್ಕೆ ಹೋಗಬಹುದಾ? ಹೋಗಬಹುದು. ಯುಜಿಸಿಯ 2022ರ ನಿಯಮದಲ್ಲಿ ಟ್ವಿನ್ನಿಂಗ್ ಅನ್ನೋ ದಾರಿ ಇದೆ. ಕ್ರೆಡಿಟ್‌ಗಳಲ್ಲಿ ಶೇ. 30ರವರೆಗೆ ವಿದೇಶಿ ವಿಶ್ವವಿದ್ಯಾಲಯದಲ್ಲಿ ಗಳಿಸಬಹುದು, ಡಿಗ್ರಿ ಮಾತ್ರ ಇಲ್ಲಿಯದೇ. ಆದರೆ ಎರಡೂ ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದ ಇರಲೇಬೇಕು. ಒಪ್ಪಂದ ಇಲ್ಲವಾ? ಬಿಎಸ್ಸಿ ಆದಮೇಲೆ ಯುರೋಪಿನ ಎರಾಸ್ಮಸ್ ಮುಂಡಸ್ ಮಾಸ್ಟರ್ಸ್ ನೋಡಿ. ಓದು ಕನಿಷ್ಠ ಎರಡು ದೇಶಗಳಲ್ಲಿ ನಡೆಯುತ್ತೆ, ಸ್ಕಾಲರ್‌ಶಿಪ್ಪೂ ಇದೆ.

ದೂರ ಅಂತ ಹೆದರಬೇಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಎಚ್. ನರಸಿಂಹಯ್ಯ ಅಮೆರಿಕದ ಓಹಾಯೋ ಸ್ಟೇಟ್‌ನಲ್ಲಿ ಭೌತವಿಜ್ಞಾನದ ಪಿಎಚ್‌ಡಿ ಮಾಡಿ ಬಂದರು. ಗೌರಿಬಿದನೂರು, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜು ಕಟ್ಟಿದರು.

ಅಡ್ಮಿಷನ್‌ಗೆ ಹೋದಾಗ ಫೀಸು ಕಟ್ಟೋ ಮುಂಚೆ ಕೇಳಿ: ಯಾವ ವಿದೇಶಿ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಇದೆ? ಉತ್ತರವನ್ನ ಬರವಣಿಗೆಯಲ್ಲೇ ತಗೊಳ್ಳಿ.