ಮಳೆಯೊಂದನ್ನೇ ನಂಬಿ ಬೆಳಕು ನಿಲ್ಲದು

ಕನ್ನಡ ನಾಡಿಗೂ ಜಲವಿದ್ಯುತ್ತಿಗೂ ಇರುವ ನಂಟು ಇಂದು ನಿನ್ನೆಯದಲ್ಲ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1960ರ ದಶಕದಲ್ಲಿ ಮೈದಳೆದ ಶರಾವತಿ ವಿದ್ಯುದಾಗಾರವು 1035 ಮೆಗಾವ್ಯಾಟ್ ಸಾಮರ್ಥ್ಯದೊಡನೆ ಇಂದಿಗೂ ನಾಡಿಗೆ ಆಸರೆಯಾಗಿದೆ.

ಆದರೆ ಮುಂಗಾರು ಕೈಕೊಟ್ಟ ವರ್ಷ ಲಿಂಗನಮಕ್ಕಿ ತುಂಬುವುದಿಲ್ಲ. ಬೆಳೆ ಉಳಿಸಿಕೊಳ್ಳಲು ರೈತನ ಪಂಪ್‌ಸೆಟ್ಟು ಹೆಚ್ಚು ವಿದ್ಯುತ್ತನ್ನು ಬೇಡುವುದೂ ಅಂಥ ವರ್ಷವೇ. 2023ರ ಬರಗಾಲದಲ್ಲಿ ಈ ಇಕ್ಕಟ್ಟನ್ನು ನಾವೆಲ್ಲರೂ ಕಂಡೆವು. ಕಲ್ಲಿದ್ದಲನ್ನೇ ನೆಚ್ಚೋಣವೆಂದರೆ ನಮ್ಮ ರಾಜ್ಯದಲ್ಲಿ ಅದರ ಗಣಿಗಳಿಲ್ಲ; ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ಅದು ಹೊರಗಿನಿಂದಲೇ ಬರಬೇಕು. ಉರಿಸಿದ ಕಲ್ಲಿದ್ದಲು ಮರಳಿ ಹುಟ್ಟುವುದೂ ಇಲ್ಲ.

ಹಾಗಾದರೆ ಮುಂದಿನ ಮೂವತ್ತು ನಲವತ್ತು ವರ್ಷಗಳ ದಾರಿ ಯಾವುದು? ಬಿಸಿಲು, ಗಾಳಿ, ನೀರು ಈ ಮೂರನ್ನೂ ಒಂದಕ್ಕೊಂದು ನೆರವಾಗುವಂತೆ ಹೊಂದಿಸಿಕೊಳ್ಳುವುದೇ ಆ ದಾರಿಯೆಂದು ನಾವು ಭಾವಿಸುತ್ತೇವೆ. ಮೋಡ ಕವಿದು ಬಿಸಿಲು ಕುಗ್ಗುವ ಮುಂಗಾರಿನಲ್ಲಿಯೇ ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲೆ ಗಾಳಿ ಬಲವಾಗಿ ಬೀಸುತ್ತದೆ. ಬೇಸಿಗೆಯ ಹಗಲಿನಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಹಗಲಿನ ಬೇಡಿಕೆಯನ್ನು ಇವು ಪೂರೈಸಿದರೆ ಜಲಾಶಯದ ನೀರು ಉಳಿಯುತ್ತದೆ. ಸೂರ್ಯ ಮುಳುಗಿ ಮನೆಮನೆಯಲ್ಲಿ ದೀಪ ಹೊತ್ತುವ ವೇಳೆಗೆ ಆ ನೀರನ್ನು ಬಳಸಬಹುದು. ಜಾಣ ಗೃಹಿಣಿಯು ಕಣಜದ ಕಾಳನ್ನು ಕಷ್ಟಕಾಲಕ್ಕೆ ಕಾದಿರಿಸುವ ಬಗೆ ಇದು. ಪಂಪ್‌ಸೆಟ್ಟುಗಳಿಗೆ ಹಗಲಿನಲ್ಲಿಯೇ ವಿದ್ಯುತ್ತು ದೊರೆತರೆ, ಹಾವು ಚೇಳುಗಳ ಭಯದ ನಡುವೆ ನಡುರಾತ್ರಿ ಹೊಲಕ್ಕೆ ಓಡುವ ರೈತನ ಬವಣೆಯೂ ತಪ್ಪುತ್ತದೆ.

ಪದೇ ಪದೇ ಬರಕ್ಕೆ ತುತ್ತಾಗುವ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಇಂಥದೊಂದು ಪ್ರಯತ್ನ ನಡೆದಿದೆ. ಸುಮಾರು 13,000 ಎಕರೆಯಲ್ಲಿ ಹರಡಿರುವ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವು 2018ರಲ್ಲಿ ಆರಂಭವಾಯಿತು. ಇಲ್ಲಿ ರೈತರ ಭೂಮಿಯನ್ನು ಕ್ರಯಕ್ಕೆ ಪಡೆಯದೆ ಗೇಣಿಗೆ ಪಡೆದುದು ಮೆಚ್ಚತಕ್ಕ ಸಂಗತಿ. ಒಡೆತನ ಉಳಿಯಿತು, ವರ್ಷ ವರ್ಷವೂ ಆದಾಯ ಬಂತು. ಆದರೆ ಗೇಣಿಯ ಹಣ ಭೂಮಿಯುಳ್ಳವರಿಗೆ ಸೇರುತ್ತದೆ. ಆ ಹೊಲಗಳ ಕೂಲಿಯನ್ನೇ ನಂಬಿದ್ದವರ ಪಾಡೇನು? ಕುರಿ ಮೇಯಿಸುವವರು ಎಲ್ಲಿಗೆ ಹೋಗಬೇಕು? ಯೋಜನೆಯ ಮೊದಲ ಪುಟದಲ್ಲಿಯೇ ಈ ಪ್ರಶ್ನೆಗಳಿಗೆ ಉತ್ತರವಿರಬೇಕು.

ಮನೆಯವರ ಪಾಲೂ ಇಲ್ಲಿ ಚಿಕ್ಕದಲ್ಲ. ಮಾಳಿಗೆಯ ಮೇಲೆ ಸೌರ ಜಲತಾಪಕವನ್ನು ಇರಿಸಬಹುದು. ಆಳಿಲ್ಲದ ಕೋಣೆಯ ದೀಪವನ್ನು ಆರಿಸಬಹುದು. ಸಂಜೆಯ ಹೊತ್ತು ನಾವು ಉಳಿಸಿದ ವಿದ್ಯುತ್ತು ಜಲಾಶಯದಲ್ಲಿ ನೀರಾಗಿ ಉಳಿಯುತ್ತದೆ. ಮಳೆ ತಪ್ಪಿದ ವರ್ಷ ಅದೇ ನೀರು ಪರೀಕ್ಷೆಗೆ ಓದುವ ಮಕ್ಕಳಿಗೆ ಬೆಳಕಾದೀತು.