ಮೈಕಿಲ್ಲದ ಕಚೇರಿಯಲ್ಲಿ ಹಿರಿಯ ಕಂಠ

ಲಂಡನ್ನಿನ ವಿಗ್‌ಮೋರ್ ಹಾಲ್‌ನಲ್ಲಿ ಹಾಡುವವರ ಮುಂದೆ ಮೈಕು ಇರುವುದಿಲ್ಲ. ಬೆಕ್‌ಸ್ಟೈನ್ ಎಂಬ ಜರ್ಮನ್ ಪಿಯಾನೊ ಕಂಪನಿ 1901ರಲ್ಲಿ ತನ್ನ ಮಳಿಗೆಯ ಮಗ್ಗುಲಲ್ಲೇ ಕಟ್ಟಿಸಿದ ಸಭಾಂಗಣ ಇದು. ಆಸನಗಳು ಸುಮಾರು 550, ಅಷ್ಟೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಹರಾಜಾಗಿ, 1917ರಲ್ಲಿ ಈಗಿನ ಹೆಸರು ಪಡೆಯಿತು. ಮೈಸೂರಿನಲ್ಲಿ ಸಂಗೀತ ಪಾಠ ಹೇಳುವ ನಾನು, ಮಗಳ ಮನೆಗೆ ಹೋಗಿದ್ದಾಗ, 70 ದಾಟಿದ ಒಪೆರಾ ಗಾಯಕರೊಬ್ಬರ ಹಾಡುಗಾರಿಕೆಯನ್ನು ಅಲ್ಲಿ ಕೇಳಿದೆ.

ಒಪೆರಾದಲ್ಲಿ ವೇಷ, ರಂಗಸಜ್ಜೆ, ಎದುರಿಗೆ ದೊಡ್ಡ ವಾದ್ಯವೃಂದ. ಆ ವೃಂದದ ನಾದದ ಬಲವೆಲ್ಲ ಹೆಚ್ಚಾಗಿ 500 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಪಳಗಿದ ಗಂಡು ಕಂಠ 3000 ಹರ್ಟ್ಸ್ ಸುಮಾರಿಗೆ ಒಂದು ಹೊಳಪನ್ನು ಕೂಡಿಸಿಕೊಳ್ಳುತ್ತದೆ. ಅಲ್ಲಿ ವಾದ್ಯಗಳ ಪೈಪೋಟಿ ಕಡಿಮೆ. ಮೈಕಿಲ್ಲದೆಯೂ ದನಿ ಕೊನೆಯ ಸಾಲು ಮುಟ್ಟುವುದು ಹೀಗೆ. ಇಲ್ಲಿಯೋ ಪಕ್ಕದಲ್ಲಿ ಒಂದೇ ಪಿಯಾನೊ. ಬಲ ತೋರಿಸುವ ಅಗತ್ಯವೇ ಇಲ್ಲ, ಆದ್ದರಿಂದ ಸಾಹಿತ್ಯ ಅಕ್ಷರ ಅಕ್ಷರವಾಗಿ ಕೇಳುತ್ತದೆ.

ಅಂದು ಹಾಡಿದ್ದು ಸಂಗೀತಕಾರ ಶೂಬರ್ಟ್‌ನ 'ವಿಂಟರ್‌ರೈಸ'. ಪ್ರೀತಿ ಮುರಿದುಬಿದ್ದು, ಹಿಮದಲ್ಲಿ ಊರು ಬಿಟ್ಟು ನಡೆಯುವವನ 24 ಹಾಡುಗಳು. ಕವಿತೆ ವಿಲ್‌ಹೆಲ್ಮ್ ಮ್ಯೂಲರ್‌ನದು. ಶೂಬರ್ಟ್ ರಾಗ ಹಾಕಿದ್ದು 1827ರಲ್ಲಿ. ಮರುವರ್ಷ, 31ನೇ ವಯಸ್ಸಿಗೇ, ತೀರಿಕೊಂಡ. ಒಂದೂಕಾಲು ಗಂಟೆ ವಿರಾಮವಿಲ್ಲ, ನಡುವೆ ಚಪ್ಪಾಳೆಯೂ ಇಲ್ಲ. ಸಾಹಿತ್ಯದ ಪುಸ್ತಿಕೆಯ ಹಾಳೆ ತಿರುವುವುದು ಕೂಡ ಹಾಡು ಮುಗಿದ ಮೇಲೆಯೇ. ತಲೆದೂಗಿ ತಾಳ ಹಾಕುತ್ತಾ ಕೇಳುವ ನಮಗೆ ಕೈ ಕಟ್ಟಿ ಕೂತಿರುವುದು ಕಷ್ಟವೇ ಸರಿ.

ಮೂಲದಲ್ಲಿ ಈ ಹಾಡುಗಳು ಎತ್ತರದ ಗಂಡು ಕಂಠಕ್ಕೆ ಬರೆದವು. ತಗ್ಗಿನ ಕಂಠದವರು ಶ್ರುತಿ ಇಳಿಸಿ ಹಾಡುತ್ತಾರೆ, ವಯಸ್ಸಾದಂತೆ ನಮ್ಮ ವಿದ್ವಾಂಸರೂ ಇಳಿಸಿಕೊಳ್ಳುವ ಹಾಗೆ. ಮೊದಲ ಹಾಡಿನಲ್ಲೇ ಇವರ ತಾರಸ್ಥಾಯಿ ಒಣಗಿತ್ತು, ದೀರ್ಘ ಸ್ವರ ಸ್ವಲ್ಪ ಅಲುಗಿತು. ಅದೇ ಹಾಡಿನ ಕೊನೆಯ ಚರಣಕ್ಕೆ ಬಂದಾಗ ಸ್ವರಮೇಳ ಮೈನರ್‌ನಿಂದ ಮೇಜರ್‌ಗೆ ಹೊರಳುತ್ತದೆ. ನಮ್ಮ ಲೆಕ್ಕದಲ್ಲಿ ಸಾಧಾರಣ ಗಾಂಧಾರ ಹೋಗಿ ಅಂತರ ಗಾಂಧಾರ ಬಂದಂತೆ. ಮಲಗಿರುವ ಹುಡುಗಿಯ ನಿದ್ದೆ ಕೆಡಿಸದೆ ಅವನು ಹೊರಡುವ ಜಾಗ ಅದು. ಗಾಯಕರು ಎಡಗೈಯನ್ನು ಪಿಯಾನೊದ ಅಂಚಿಗೆ ಆನಿಸಿ, ದನಿಯನ್ನು ಮಾತಿನ ಮಟ್ಟಕ್ಕೆ ಇಳಿಸಿದರು. ಸ್ವರ ಮಾತ್ರ ಕೂದಲೆಳೆಯಷ್ಟೂ ಜಾರಲಿಲ್ಲ. ಎಳೆಯ ಕಂಠ ಅಷ್ಟು ಕಡಿಮೆಯಲ್ಲಿ ಅಷ್ಟು ಹೇಳಲಾರದು ಎಂದೇ ನನ್ನ ನಂಬಿಕೆ.

ಕೊನೆಯ ಹಾಡಿನಲ್ಲಿ ಮಂಜುಗಡ್ಡೆಯ ಮೇಲೆ ಬರಿಗಾಲಲ್ಲಿ ನಿಂತು ಹಿಡಿ ತಿರುಗಿಸಿ ವಾದ್ಯ ನುಡಿಸುವ ಮುದುಕನಿದ್ದಾನೆ. ಅವನ ತಟ್ಟೆ ಖಾಲಿ. ಪಿಯಾನೊದ ಎಡಗೈ ಮೊದಲಿನಿಂದ ಕಡೆಯವರೆಗೂ ಷಡ್ಜ-ಪಂಚಮವನ್ನೇ ಹಿಡಿದಿರುತ್ತದೆ. ತಂಬೂರಿಯ ಜೊತೆ ಬೆಳೆದ ಕಿವಿಗೆ ಆ ಹಾಡು ಪರದೇಶದ್ದು ಅನ್ನಿಸುವುದೇ ಇಲ್ಲ.

ಲಂಡನ್ನಿಗೆ ಹೋಗಲಾಗದವರಿಗೆ ಜರ್ಮನ್ ಗಾಯಕ ಹಾನ್ಸ್ ಹಾಟರ್ ಅವರ ಧ್ವನಿಮುದ್ರಣಗಳಿವೆ. ಈ ಹಾಡುಗಳನ್ನು ಅವರು 1942ರಲ್ಲಿ, 33ರ ವಯಸ್ಸಿನಲ್ಲಿ, ಹಾಡಿದ್ದೂ ಸಿಗುತ್ತದೆ. 1969ರಲ್ಲಿ, 60ರ ವಯಸ್ಸಿನಲ್ಲಿ, ಟೋಕಿಯೊದಲ್ಲಿ ಹಾಡಿದ್ದೂ ಸಿಗುತ್ತದೆ. ದನಿ ಚೆನ್ನಾಗಿರುವುದು ಮೊದಲನೆಯದರಲ್ಲಿ. ನನ್ನ ವಿದ್ಯಾರ್ಥಿಗಳಿಗೆ ನಾನು ಕೇಳಿಸುವುದು ಎರಡನೆಯದನ್ನು.